ಬೆಡ್‌ಶೀಟಿನ ಆ ಕಡೆಯ ತುದಿ

ನಮ್ಮ ಮನೆಯವರು ಈ ಕಥೆಯನ್ನು ಕಮಲಾಪುರದ ಆಟೋ ಸ್ಟ್ಯಾಂಡಿನಲ್ಲಿ ಹೇಳಿದ್ದಾರೆ, ಹೊಸಪೇಟೆಯ ಕಿರಾಣಿ ಅಂಗಡಿಯಲ್ಲಿ ಹೇಳಿದ್ದಾರೆ, ಸಾಲದ್ದಕ್ಕೆ ನನ್ನ ತವರು ಕಂಪ್ಲಿಯವರೆಗೂ ಹೋಗಿ ಹೇಳಿ ಬಂದಿದ್ದಾರೆ. ಎಲ್ಲ ಕಡೆಯೂ ಕೊನೆ ಒಂದೇ: "ಸೋತ್ಲು ನೋಡ್ರಿ ನಮ್ಮಾಕಿ!" ಸೋತದ್ದು ನಿಜ, ನಾನೇನು ಇಲ್ಲ ಅನ್ನುವುದಿಲ್ಲ. ಆದರೆ ಅವರು ಹೇಳುವುದು ಅರ್ಧ ಕಥೆ, ಅದೂ ಉಪ್ಪು ಖಾರ ಹಚ್ಚಿದ್ದು. ಪೂರ್ತಿ ಕಥೆ ನನ್ನ ಬಾಯಿಂದ ಕೇಳಿ.

ನಾನು ಹೇಮಾವತಿ. ಹಂಪಿ ನೋಡಲು ಬರುವವರಿಗಾಗಿ ಕಮಲಾಪುರದಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ನಾಲ್ಕು ರೂಮು, ಮೇಲೊಂದು ಮಾಳಿಗೆ, ಹಿಂದೆ ಬಾಳೆತೋಟ. ನನ್ನ ಗಂಡ ಜಂಬುನಾಥ್ ಹೊಸಪೇಟೆ ಸ್ಟೇಷನ್ನಿನಿಂದ ಆಟೋದಲ್ಲಿ ಗೆಸ್ಟುಗಳನ್ನು ಕರೆತರುತ್ತಾರೆ, ಗುಡಿ ಗೋಪುರ ತೋರಿಸುತ್ತಾರೆ, ಹರಿಗೋಲು ಹತ್ತಿಸುತ್ತಾರೆ, ಸಂಜೆ ಅವರ ಜೊತೆ ಕಟ್ಟೆಯ ಮೇಲೆ ಕುಳಿತು ನಗುತ್ತಾರೆ. ಉಳಿದದ್ದು ನನ್ನ ಪಾಲು. ಮಾತಂಗ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋಗುವವರಿಗೆ ಬೆಳಗಿನ ಐದಕ್ಕೆ ಚಹಾ ಆಗಬೇಕು, ಅವರು ವಾಪಸು ಬರುವಷ್ಟರಲ್ಲಿ ತಿಂಡಿ ಆಗಬೇಕು, ಅವರು ತಿಂದು ಹೊರಟ ಮೇಲೆ ರೂಮು, ಬಚ್ಚಲು, ಟವೆಲ್ಲು, ಎಂಟು ಬೆಡ್‌ಶೀಟು. ಗೆಸ್ಟುಗಳು ಬರೆಯುವ ರಿವ್ಯೂ ಓದಿ ನೋಡಿ. ಹತ್ತರಲ್ಲಿ ಒಂಬತ್ತು ಜನ "ಜಂಬು ಈಸ್ ಸೋ ಫನ್ನಿ" ಅಂತ ಬರೆದಿರುತ್ತಾರೆ. ಹತ್ತನೆಯವರು ಚಹಾ ತಣ್ಣಗಿತ್ತು ಅಂತ ಬರೆದಿರುತ್ತಾರೆ. ಅದು ನಾನು.

ಈ ಬೇಸಿಗೆಯಲ್ಲಿ ನನ್ನ ಮೊಣಕಾಲು ಕೈಕೊಟ್ಟಿತು. ಮೆಟ್ಟಿಲು ಹತ್ತುವುದು ಕಡಿಮೆ ಮಾಡಿ ಅಂದರು ಹೊಸಪೇಟೆಯ ಡಾಕ್ಟರು. ಬಟ್ಟೆ ಒಣಗಿಸುವುದು ಮಾಳಿಗೆಯ ಮೇಲೆ, ಮೆಟ್ಟಿಲು ಇಪ್ಪತ್ತೆರಡು. ಕಡಿಮೆ ಮಾಡುವುದಾದರೆ ಗಾರೆಯವರನ್ನೇ ಕರೆಸಬೇಕಿತ್ತು.

"ಒಬ್ಬಾಕಿ ಕೆಲಸದಾಕಿನ ಇಡೂನ್ರಿ," ಅಂದೆ ಗಂಡನಿಗೆ.

"ಯಾರನ್ನ ಇಡ್ಲಿ? ನಾಕ್ ಮಂದಿನ ಓಡ್ಸೀದಿ. ಐದನೇದಾಕಿ ಈ ಊರಾಗ ಇನ್ನಾ ಹುಟ್ಟಿಲ್ಲ."

ನಾನು ಯಾರನ್ನೂ ಓಡಿಸಿಲ್ಲ. ಮರುಳಸಿದ್ದಮ್ಮ ಹನ್ನೊಂದು ದಿನ ಇದ್ದಳು. ಅವಳು ಒರೆಸಿದ ನೆಲವನ್ನು ನಾನು ಇನ್ನೊಂದು ಸಲ ಒರೆಸಿದೆ, ಅಷ್ಟೇ. ಅವಳು ನಿಂತಿದ್ದಾಗಲೇ ಒರೆಸಿದ್ದು ತಪ್ಪಾಯಿತಂತೆ. ಇನ್ನೊಬ್ಬಳು ದಿಂಬಿನ ಕವರನ್ನು ತಿರುವುಮುರುವು ಹಾಕಿದ್ದಕ್ಕೆ "ನಿಮ್ಮನ್ಯಾಗ ಹಿಂಗ ಹಾಕ್ತಾರೇನವ್ವ?" ಅಂತ ಕೇಳಿದೆ. ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದು. ಮೂರನೆಯವಳು ಮಧ್ಯಾಹ್ನದ ಚಹಾಕ್ಕೂ ನಿಲ್ಲಲಿಲ್ಲ. ನಾಲ್ಕನೆಯವಳ ಮಾತು ಬೇಡ, ಅವಳ ಅತ್ತೆ ಈಗಲೂ ಸಂತೆಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ.

"ನೀ ಕೆಲಸದಾಕಿನ ಇಟ್ಕಳ್ಳಾಕ ಲಾಯಕ್ಕಿಲ್ಲ ಬಿಡು," ಅಂದರು ಜಂಬುನಾಥ್. "ಎಲ್ಡು ದಿನ ಕೈ ಕಟ್ಕಂಡು, ಬಾಯಿ ಮುಚ್ಕಂಡು ಕುಂದ್ರು ನೋಡೂನು. ಆಗಂಗಿಲ್ಲ ನಿನ್ನ ಕೈಲಿ."

ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಡಲ್ಲ, ನಾಕು ದಿನ ಕುಂದರ್ತೀನಿ!"

ನಮ್ಮ ಮಗಳು ಸ್ಫೂರ್ತಿ ಹೊಸಪೇಟೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದಾಳೆ. ಮೊಬೈಲಿನಿಂದ ತಲೆ ಎತ್ತದೆಯೇ ತೀರ್ಪು ಕೊಟ್ಟಳು. "ಮನ್ಯಾಗ ಆಗಲ್ಲ, ಅಮ್ಮ ಮೂಲ್ಯಾಗ ಕುಂತ್ರೂ ಕಸಬರಿಗಿ ಆಕಿನ್ನ ಕರೀತದ. ಇಬ್ರೂ ಗೋಕರ್ಣಕ್ಕ ಹೋಗ್ರಿ. ಬೀಚ್ ಮುಂದಿನ ಹೋಟೆಲ್ ಎಲ್ಡು ದಿನಕ್ಕ ಬುಕ್ ಮಾಡ್ತೀನಿ. ಮೇ ತಿಂಗ್ಳು, ಇಲ್ಲಿ ಗೆಸ್ಟೂ ಇಲ್ಲ."

ಪಂತದ ಕರಾರನ್ನೂ ಅವಳೇ ಮೊಬೈಲಿನಲ್ಲಿ ಬರೆದಳು. ಹೋಟೆಲಿನಲ್ಲಿ ರೂಮಿನ ಕೀ ಕೈಗೆ ಬಂದ ಗಳಿಗೆಯಿಂದ ಅದನ್ನು ವಾಪಸು ಕೊಡುವ ತನಕ ನಾನು ಒಂದು ಕೆಲಸಕ್ಕೂ ಕೈ ಹಚ್ಚಬಾರದು, ಬೇರೆಯವರು ಮಾಡಿದ ಕೆಲಸದಲ್ಲಿ ಹುಳುಕು ಹುಡುಕಬಾರದು. ಗೆದ್ದರೆ ದಸರೆಯ ಹೊತ್ತಿಗೆ ನನಗೊಬ್ಬಳು ಕೆಲಸದಾಕೆ, ಪರ್ಮನೆಂಟು. ಸೋತರೆ ಆ ಮಾತನ್ನು ನಾನು ಜನ್ಮದಲ್ಲಿ ಎತ್ತಬಾರದು. ನಾನು ಒಪ್ಪಿದೆ. ನನ್ನ ಮೊಣಕಾಲಿನ ಆಣೆಗೂ ಗೆಲ್ಲಬೇಕು ಅಂದುಕೊಂಡೆ.

ಗೋಕರ್ಣ ಅಂದರೆ ನನಗೆ ಹೊಸ ಹೆಸರಲ್ಲ. ನಮ್ಮಲ್ಲಿಗೆ ಬರುವ ಗೆಸ್ಟುಗಳಲ್ಲಿ ಅರ್ಧ ಜನ ಗೋಕರ್ಣದಿಂದ ಬರುತ್ತಾರೆ, ಉಳಿದರ್ಧ ಗೋಕರ್ಣಕ್ಕೆ ಹೋಗುತ್ತಾರೆ. ಹೋಗುವವರಿಗೆ ಬಸ್ಸಿನಲ್ಲಿ ತಿನ್ನಲು ಹದಿನಾರು ವರ್ಷದಿಂದ ಚಪಾತಿ ಕಟ್ಟಿಕೊಟ್ಟಿದ್ದೇನೆ. ನೋಡಿದ್ದು ಮಾತ್ರ ಇದೇ ಮೊದಲು.

ಹೋಟೆಲಿನ ಹೆಸರು ಹೇಳುವುದಿಲ್ಲ. ಅವರಿಗೂ ರಿವ್ಯೂ ಚಿಂತೆ ಇರುತ್ತದೆ, ಆ ನೋವು ನನಗೆ ಗೊತ್ತು. ತೀರಾ ದೊಡ್ಡದೂ ಅಲ್ಲ, ತೀರಾ ಸಣ್ಣದೂ ಅಲ್ಲ. ಲಿಫ್ಟ್ ಇತ್ತು, ನಡೆಯುತ್ತಿರಲಿಲ್ಲ. ಫೋಟೋದಲ್ಲಿ ಅಲೆ ಬಂದು ಮಂಚದ ಕಾಲಿಗೇ ಬಡಿಯುವ ಹಾಗಿತ್ತು. ನಿಜದಲ್ಲಿ ನಡುವೆ ಕಾರು ನಿಲ್ಲಿಸುವ ಜಾಗ, ಒಂದು ನೀರಿನ ಟಾಕಿ, ಐದು ತೆಂಗಿನ ಮರ, ಆಮೇಲೆ ಸಮುದ್ರ. ಬಾಲ್ಕನಿಯಲ್ಲಿ ಎಡಕ್ಕೆ ಬಾಗಿ ನಿಂತರೆ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಚಕಾರ ಎತ್ತಲಿಲ್ಲ. ನಮ್ಮ ಫೋಟೋದಲ್ಲೂ ಹಂಪಿಯ ವಿರೂಪಾಕ್ಷನ ಗೋಪುರ ಕಿಟಕಿಯ ಹೊರಗೇ ಇದೆ, ನಿಜದಲ್ಲಿ ಆಟೋ ಹತ್ತಿ ಹೋಗಬೇಕು.

ರೂಮಿನ ಬಾಗಿಲು ತೆರೆದೊಡನೆ ನನ್ನ ಕಣ್ಣು ನೇರ ಮಂಚಕ್ಕೆ ಹೋಯಿತು. ಎಡಗಡೆಯ ಮೂಲೆಯಲ್ಲಿ ಬೆಡ್‌ಶೀಟು ಗಾದಿಯ ಕೆಳಗೆ ಸರಿಯಾಗಿ ಸೇರಿರಲಿಲ್ಲ. ನಾಲ್ಕು ಬೆರಳಿನಷ್ಟು ಹೊರಗೆ ಜೋತು ಬಿದ್ದಿತ್ತು. ಒಮ್ಮೆ ಒಳಗೆ ತಳ್ಳಿದರೆ ಮುಗಿಯಿತು. ನನ್ನ ಕೈ ಅದಾಗಿಯೇ ಮುಂದೆ ಹೋಗುತ್ತಿತ್ತು. ಜಂಬುನಾಥ್ ಬ್ಯಾಗು ಇಳಿಸುತ್ತಾ ನನ್ನನ್ನೇ ನೋಡುತ್ತಿದ್ದರು.

"ಏನರ ಕಾಣಸ್ತೇನು?"

"ಸಮುದ್ರ ಕಾಣಸ್ತು," ಅಂದು ಬಾಲ್ಕನಿಗೆ ಹೋಗಿ ಎಡಕ್ಕೆ ಬಾಗಿ ನಿಂತೆ.

ಸಂಜೆ ದಂಡೆಗೆ ಇಳಿದಾಗ ಮಾತ್ರ ನಾಟಕವಲ್ಲ, ನಿಜಕ್ಕೂ ಸಮುದ್ರವನ್ನೇ ನೋಡಿದೆ. ನಾನು ಕಂಡ ದೊಡ್ಡ ನೀರು ಅಂದರೆ ನಮ್ಮ ಟಿ.ಬಿ. ಡ್ಯಾಮು. ಎಷ್ಟೇ ತುಂಬಿದರೂ ಆ ಕಡೆ ಒಂದು ದಂಡೆ ಇದೆ, ಅಲ್ಲಿ ಒಂದು ಊರಿದೆ ಅಂತ ಗೊತ್ತಿರುತ್ತದೆ. ಇದಕ್ಕೆ ಆ ಕಡೆಯೇ ಇಲ್ಲ. ಕಾಲಿನ ಕೆಳಗಿಂದ ಮರಳು ಜಾರುವಾಗ ಸೀರೆ ನೆರಿಗೆ ಎತ್ತಿ ಹಿಡಿದು ಸಣ್ಣ ಹುಡುಗಿಯ ಹಾಗೆ ನಕ್ಕೆ. ಭಾಳ ಖುಷಿಯಾಯಿತು. ಮೊಣಕಾಲೂ ಸುಮ್ಮನಿತ್ತು.

"ಹೆಂಗೈತಿ?" ಅಂದರು.

"ಭಾಳ ಐತಿ."

"ಈ ಉಸುಕು ಯಾರ್ ಗುಡುಸ್ತಾರಂತ ಯೋಚ್ನಿ ಮಾಡಾಕತ್ತೀದಿ. ಹೌದಲ್ಲ?"

ಹಾಳಾದವರು. ಅದನ್ನೇ ಯೋಚಿಸುತ್ತಿದ್ದೆ. ಗೋಕರ್ಣದಿಂದ ಬಂದ ಗೆಸ್ಟುಗಳ ಬ್ಯಾಗಿನಿಂದ, ಚಪ್ಪಲಿಯಿಂದ ಉದುರಿದ ಮರಳನ್ನು ಹದಿನಾರು ವರ್ಷ ಗುಡಿಸಿದ್ದೇನೆ. ಇದರ ತವರುಮನೆ ಇಲ್ಲಿತ್ತು.

ಮರುದಿನ ಬೆಳಗಿನ ಜಾವ ನಡೆದದ್ದನ್ನು ನಮ್ಮ ಮನೆಯವರು ಬಹಳ ಚಂದ ಮಾಡಿ ಹೇಳುತ್ತಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಪಕ್ಕದ ರೂಮಿನವರನ್ನು ಎಬ್ಬಿಸಲು ಯಾರೋ ಅವರ ಬಾಗಿಲು ಬಡಿದರು. ಅಷ್ಟೇ. ನಾನು ಕಣ್ಣು ಮುಚ್ಚಿಕೊಂಡೇ ಮಂಚದಿಂದ ಇಳಿದು, "ಕಮಿಂಗ್ ಸರ್! ಟೂ ಮಿನಿಟ್ಸ್! ವಿತ್ ಶುಗರ್? ವಿತೌಟ್?" ಅಂತ ಕೂಗಿ, ಕಪಾಟಿನ ಬಾಗಿಲು ತೆಗೆದು ಒಳಗೆ ಗ್ಯಾಸಿನ ಲೈಟರ್ ಹುಡುಕಿದೆ. ಅಲ್ಲಿ ಸಿಕ್ಕದ್ದು ಬಟ್ಟೆ ತೂಗುಹಾಕುವ ಹ್ಯಾಂಗರು. ಅದನ್ನೇ ಎರಡು ಸಲ ಒತ್ತಿದೆನಂತೆ. ಟೀಪಾಯಿಗೆ ಕಾಲು ಬಡಿದ ಮೇಲೆ ಎಚ್ಚರವಾಯಿತು. ನೋಡಿದರೆ ಜಂಬುನಾಥ್ ಹೊದಿಕೆಯನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು, ಮಂಚ ಅಲುಗಾಡುತ್ತಿತ್ತು.

"ಸೋತಿ!" ಅಂದರು ಉಸಿರು ತಿರುಗಿದ ಮೇಲೆ. "ಕೆಲಸಕ್ಕ ಕೈ ಹಚ್ಚಿದಿ!"

"ಕನಸಿನ್ಯಾಗ ಮಾಡಿದ್ದು ಕೆಲಸ ಅಲ್ಲ."

"ಮತ್ತ ನಾ ಎಚ್ಚರಿದ್ದೆನಲ್ಲ!"

ಏಳು ಗಂಟೆಗೆ ಸ್ಫೂರ್ತಿಗೆ ಫೋನ್ ಹೋಯಿತು. ಇಬ್ಬರ ಅಹವಾಲನ್ನೂ ಕೇಳಿ ಆಕಳಿಸುತ್ತಾ ಹೇಳಿದಳು. "ಗ್ಯಾಸ್ ಹತ್ತಿಲ್ಲ, ಚಾ ಆಗಿಲ್ಲ. ಲೆಕ್ಕಕ್ಕಿಲ್ಲ. ಇನ್ನೊಮ್ಮಿ ಹತ್ತರೊಳಗ ಫೋನ್ ಮಾಡಿದ್ರ ಇಬ್ರೂ ಸೋತೀರಿ."

ತಿಂಡಿಗೆ ಇಳಿದೆವು. ಸಾಲಾಗಿ ಪಾತ್ರೆ ಇಟ್ಟಿದ್ದರು, ನಾವೇ ಬಡಿಸಿಕೊಳ್ಳಬೇಕು. ಬಡಿಸಿಕೊಳ್ಳುವುದು ಕೆಲಸವೋ ಅಲ್ಲವೋ ಎಂದು ಐದು ನಿಮಿಷ ವಾದ ಮಾಡಿ ಜಂಬುನಾಥರ ಕೈಯಲ್ಲೇ ಬಡಿಸಿಕೊಂಡೆ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ಇಡ್ಲಿಯನ್ನು ಸಮುದ್ರಕ್ಕೆ ಎಸೆದಿದ್ದರೆ ಮುಳುಗುತ್ತಿತ್ತು. ಸಾಂಬಾರಿಗೆ ಬೆಲ್ಲ ಬಿದ್ದಿತ್ತು.

"ಹೆಂಗೈತಿ ಇಡ್ಲಿ?"

"ಮಸ್ತ್ ಐತಿ," ಅಂದೆ. ಹಲ್ಲು ನೋಯುತ್ತಿತ್ತು.

ಇನ್ನು ಅವರ ಸಂಗತಿ ಕೇಳಿ. ಇದನ್ನು ಅವರು ಎಲ್ಲೂ ಹೇಳುವುದಿಲ್ಲ. ತಿಂಡಿ ಮುಗಿಸಿ ಹೊರಗೆ ನಿಂತಿದ್ದಾಗ ಟ್ಯಾಕ್ಸಿಯಲ್ಲಿ ದಾವಣಗೆರೆಯ ಒಂದು ಸಂಸಾರ ಬಂದಿಳಿಯಿತು. ಟ್ಯಾಕ್ಸಿ ನಿಂತದ್ದೇ ತಡ, ನಮ್ಮವರು ಓಡಿದರು. "ಬರ್ರಿ ಬರ್ರಿ, ದಾರಿ ಆರಾಮಾತೇನ್ರಿ?" ಎನ್ನುತ್ತಾ ಎರಡೂ ಕೈಗೆ ಬ್ಯಾಗು ಎತ್ತಿಕೊಂಡು ಎರಡು ಅಂತಸ್ತು ಹತ್ತಿಯೇಬಿಟ್ಟರು. ಬಿಸಿನೀರು ಎಷ್ಟು ಹೊತ್ತಿಗೆ ಅಂತ ಆ ಹೆಣ್ಣುಮಗಳು ಕೇಳಿದ್ದಕ್ಕೆ, "ಆರೂವರಿಯಿಂದ ಒಂಬತ್ತರ ಮಟ ಅಷ್ಟ್ರಿ, ಜಲ್ದಿ ಮುಗಿಸಿಬಿಡ್ರಿ," ಅಂದರು. ಅದು ನಮ್ಮ ಮನೆಯ ಹೊತ್ತು. ಪಾಪ, ಆ ಸಂಸಾರದ ಐದೂ ಜನ ಅರ್ಧ ಗಂಟೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲಿ ತಿಂಡಿಗೆ ಬಂದರು. ಆ ಯಜಮಾನರು ನಮ್ಮವರ ಕೈಗೆ ಭಕ್ಷೀಸು ತುರುಕಿದರು, ಇವರು ಕೈ ಮುಗಿದು ಇಸಿದುಕೊಂಡರು. ನನಗೆ ತೋರಿಸಲಿಲ್ಲ. ಅಂಗಿ ಒಗೆಯುವವಳು ನಾನಲ್ಲವೇ, ಊರಿಗೆ ಬಂದ ಮೇಲೆ ಜೇಬಿನಲ್ಲಿ ಸಿಕ್ಕಿತು.

"ನೀವು ಕೆಲಸ ಮಾಡಿದ್ರಿ," ಅಂದೆ.

"ಪಂತ ನಿಂದು. ನಂದಲ್ಲ."

ಹನ್ನೊಂದರ ಸುಮಾರಿಗೆ ರೂಮು ಸ್ವಚ್ಛ ಮಾಡಲು ಒಬ್ಬಳು ಬಂದಳು. ಇಪ್ಪತ್ತೈದರ ಆಸುಪಾಸು, ಹೋಟೆಲಿನವರು ಕೊಟ್ಟ ಕಂದು ಬಣ್ಣದ ಚೂಡಿದಾರ ಮೈಗೆ ದೊಡ್ಡದಾಗಿತ್ತು. ನಾನು ಕುರ್ಚಿಯಲ್ಲಿ ಕುಳಿತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವಳು ಮೊದಲು ನೆಲ ಗುಡಿಸಿ ಆಮೇಲೆ ಬೆಡ್‌ಶೀಟು ಕೊಡವಿದಳು. ಕೊಡವಿದ ಮರಳೆಲ್ಲ ಗುಡಿಸಿದ ನೆಲದ ಮೇಲೆ ಬಿತ್ತು. ನನ್ನ ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಜಂಬುನಾಥ್ ಪೇಪರಿನ ಹಿಂದಿನಿಂದ ಇಣುಕಿ ನೋಡಿದರು.

"ಅಕ್ಕಾರ, ಸ್ವಲ್ಪ ಕಾಲ ಎತ್ತರಿ," ಅಂದಳು ಅವಳು.

ನಾನು ಕಾಲು ಎತ್ತುವುದನ್ನು ಬಿಟ್ಟು ಎದ್ದೇ ನಿಂತೆ. ಕರಾವಳಿಯಲ್ಲಿ ನಮ್ಮ ಕಡೆಯ ಮಾತು! "ಯಾವೂರವ್ವ ನಿಂದು?"

"ಗಾದಿಗನೂರ್ರೀ. ಹೊಸಪ್ಯಾಟಿ ಹಂತ್ಯಾಕ."

"ಅಯ್ಯ ನನ್ನವ್ವ! ನಾವು ಕಮಲಾಪುರದೋರು!"

ಅವಳ ಹೆಸರು ದೇವಿಕಾ. ಗಂಡ ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದಾನೆ, ಇವಳು ಹೋಟೆಲಿಗೆ ಸೇರಿ ಹದಿನೈದು ದಿನ. ಮಾತಾಡುತ್ತಾ ಬೆಡ್‌ಶೀಟು ಹಾಸಿದಳು. ಜೋಡಿ ಮಂಚ, ಒಬ್ಬಳೇ. ಈ ಕಡೆ ಎಳೆದು ಸೇರಿಸಿ ಆ ಕಡೆ ಹೋದರೆ ಈ ಕಡೆಯದು ಬಿಚ್ಚುತ್ತದೆ. ಮತ್ತೆ ಈ ಕಡೆ ಬರಬೇಕು. ಒಂದು ಮಂಚಕ್ಕೆ ಆರು ಸುತ್ತು. ನನಗೆ ಆ ಸುತ್ತು ಬಾಯಿಪಾಠ. ಅಷ್ಟು ಪ್ರದಕ್ಷಿಣೆಯನ್ನು ವಿರೂಪಾಕ್ಷನಿಗೆ ಹಾಕಿದ್ದರೆ ಇಷ್ಟೊತ್ತಿಗೆ ಅವನೇ ಎದ್ದು ಬಂದು ನನಗೆ ಚಹಾ ಮಾಡಿಕೊಡುತ್ತಿದ್ದ.

"ಚಂದ ಹಾಸಿದಿ," ಅಂದೆ ಕೊನೆಗೆ. ಎಡಗಡೆಯ ಮೂಲೆ ನಾಲ್ಕು ಬೆರಳಿನಷ್ಟು ಜೋತು ಬಿದ್ದೇ ಇತ್ತು. ಜಂಬುನಾಥ್ ಪೇಪರು ಕೆಳಗಿಟ್ಟು ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು.

"ಲೇ ಹೇಮಾ, ನೀ ಗೆದ್ದೇ ಬಿಡಂಗ ಕಾಣ್ತದಲ್ಲ."

ನನಗೂ ಹಾಗೇ ಕಂಡಿತು. ಆ ದಿನ ಪೂರ್ತಿ ಸಮುದ್ರದ ಮುಂದೆ ಕುಳಿತೆ. ಯಾರೋ ಚಹಾ ತಂದುಕೊಟ್ಟರು, ಕುಡಿದೆ. ತಣ್ಣಗಿತ್ತು. ಪರವಾಗಿಲ್ಲ ಅನ್ನಿಸಿತು. ದಸರೆಗೆ ಬರುವ ಕೆಲಸದಾಕೆಗೆ ಮಾಳಿಗೆಯ ಕೆಲಸವನ್ನೆಲ್ಲ ಒಪ್ಪಿಸಿ, ನಾನು ಕೆಳಗೆ ಕುಳಿತು ಒಂದು ಲೋಟ ಚಹಾವನ್ನು ಬಿಸಿ ಇರುವಾಗಲೇ ಕುಡಿಯುವುದನ್ನು ನೆನೆಸಿ ನೆನೆಸಿ ಸುಖಪಟ್ಟೆ.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕೀ ಕೊಡಬೇಕಿತ್ತು. ಜಂಬುನಾಥ್ ಕೊನೆಯ ಸಲ ಸಮುದ್ರದಲ್ಲಿ ಮುಳುಗೆದ್ದು ಬರುತ್ತೇನೆಂದು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೋದರು. ಹೋಗುವಾಗ, "ಒಂದೂವರಿ ತಾಸು ಉಳದದ. ಮಂಚದ ಕಾಲಿಗೆ ಕಟ್ಟಿಹಾಕಿ ಹೋಗ್ಲ್ಯಾ?" ಅಂದರು. ನಾನು ದಿಂಬು ಎಸೆದೆ. ಎಸೆಯುವುದು ಕೆಲಸವಲ್ಲ.

ಒಂಬತ್ತೂವರೆಗೆ ಹೊರಗೆ ಪಡಸಾಲೆಗೆ ಬಂದೆ. ಎದುರಿನ ರೂಮಿನ ಬಾಗಿಲು ತೆರೆದಿತ್ತು. ದೇವಿಕಾ ಒಳಗೆ ಮಂಚದ ಸುತ್ತ ತಿರುಗುತ್ತಿದ್ದಳು. ಈ ಕಡೆ, ಆ ಕಡೆ, ಮತ್ತೆ ಈ ಕಡೆ. ಆಮೇಲೆ ಮಂಚದ ಅಂಚಿಗೆ ಕುಳಿತು ವೇಲಿನಿಂದ ಕಣ್ಣು ಒರೆಸಿಕೊಂಡಳು.

"ಏನಾತವ್ವ?"

"ಏನಿಲ್ರಿ ಅಕ್ಕಾರ. ಹನ್ನೊಂದಕ್ಕ ಮದುವಿ ಪಾರ್ಟಿ ಬರ್ತದಂತ. ಆರು ರೂಮು ಆಗಬೇಕು. ನನ್ನ ಜೋಡಿ ಮಾಡಾಕಿ ಊರಿಗೆ ಹೋಗ್ಯಾಳ. ಎಲ್ಡು ಸತಿ ಹಾಸಿದ್ರೂ ಸರಿಯಾಗಿಲ್ಲಂತ ಸೂಪರ್ವೈಸರ್ ಕಿತ್ತು ಒಗದ್ರು. ಇವತ್ತು ಆಗಲಿಲ್ಲಂದ್ರ ನಾಳಿಂದ ಬರಬ್ಯಾಡ ಅಂದಾರ."

ನಾನು ಬಾಗಿಲಲ್ಲೇ ನಿಂತೆ. ಒಳಗೆ ಕಾಲಿಡಬೇಡ ಹೇಮಾವತಿ ಅಂತ ನನಗೆ ನಾನೇ ಹೇಳಿಕೊಂಡೆ. ಒಂದೂವರೆ ತಾಸು. ಇಪ್ಪತ್ತೆರಡು ಮೆಟ್ಟಿಲು. ದಸರಾ. ಬಿಸಿ ಚಹಾ. ಅವಳು ಎದ್ದು ಮತ್ತೆ ಬೆಡ್‌ಶೀಟು ಎತ್ತಿದಳು. ಒಂದು ತುದಿಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಇನ್ನೊಂದು ತುದಿಯನ್ನು ಕೈಯಿಂದ ಹುಡುಕಿದಳು. ಗದ್ದದ ಕೆಳಗೆ ಒತ್ತಿ ಹಿಡಿಯುವುದು ನನ್ನ ವಿದ್ಯೆ. ಅದನ್ನು ಬೇರೆಯವರು ಮಾಡುವುದನ್ನು ನಾನು ಯಾವತ್ತೂ ಎದುರು ನಿಂತು ನೋಡಿರಲಿಲ್ಲ. ನನ್ನದೇ ಗದ್ದವನ್ನು ಸವರಿಕೊಂಡೆ.

ಹೋಗಲಿ ಅತ್ಲಾಗೆ ಅಂತ ಒಳಗೆ ಹೋಗಿ ಬಾಗಿಲು ಮುಚ್ಚಿದೆ. "ಕೊಡಿಲ್ಲಿ ಆ ತುದಿ."

"ಅಯ್ಯ, ಬ್ಯಾಡ್ರೀ ಅಕ್ಕಾರ! ನೀವು ಗೆಸ್ಟು!"

"ಗೆಸ್ಟೂ ಇಲ್ಲ ಗಿಸ್ಟೂ ಇಲ್ಲ. ಹಿಡಿ. ಮೊದ್ಲ ಕೊಡವು, ಆಮ್ಯಾಲ ಕಸ ಹೊಡಿ. ನಿನ್ನೆ ಉಲ್ಟಾ ಮಾಡಿದಿ ನೀನು. ಹೇಳಲಾರದ ನನ್ನ ಜೀವ ಹೋಗಿತ್ತು. ಮೂಲಿ ಹಿಂಗ ಮಡಚು. ಹಂಗಲ್ಲ, ಹಿಂಗ. ಈಗ ತಳ್ಳು."

ಕೈಯೂ ಹೋಯಿತು, ಬಾಯಿಯೂ ಹೋಯಿತು. ಎರಡು ದಿನದಿಂದ ಕಟ್ಟಿಟ್ಟ ಬಾಯಿ, ಒಮ್ಮೆ ಬಿಚ್ಚಿದ ಮೇಲೆ ನಿಲ್ಲಲಿಲ್ಲ. ಆದರೆ ಒಂದು ವಿಚಿತ್ರ ನೋಡಿ: ತುದಿ ಹಿಡಿದುಕೊಂಡು ಹೇಳಿದ್ದಕ್ಕೆ ಆ ಹುಡುಗಿ ಮುಖ ಗಂಟು ಹಾಕಲಿಲ್ಲ. "ಹೂಂ ಅಕ್ಕಾರ, ಹಿಂಗಾ?" ಅಂತ ಕೇಳುತ್ತಾ ಕಲಿತಳು. ಮರುಳಸಿದ್ದಮ್ಮನಿಗೆ ನಾನು ಯಾವ ತುದಿಯನ್ನೂ ಹಿಡಿದಿರಲಿಲ್ಲ. ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದೆ.

ಇಬ್ಬರು ಹಿಡಿದರೆ ಬೆಡ್‌ಶೀಟು ಎಷ್ಟು ಹಗುರ ಗೊತ್ತೇ? ಒಂದು ಸಲ ಎತ್ತಿ ಬೀಸಿದರೆ ಗಾಳಿ ತುಂಬಿಕೊಂಡು ತಾನಾಗಿಯೇ ಮಂಚದ ಮೇಲೆ ಇಳಿಯುತ್ತದೆ. ಒಂದೂ ಸುತ್ತು ಬೇಕಿಲ್ಲ. ಹತ್ತೂವರೆಗೆ ಐದು ರೂಮು ಮುಗಿಸಿ ಆರನೆಯದಕ್ಕೆ ಬಂದೆವು. ಬೀಸಿದ ಬೆಡ್‌ಶೀಟು ಇಳಿದಾಗ ಅದರ ಹಿಂದೆ ಬಾಗಿಲಲ್ಲಿ ಜಂಬುನಾಥ್ ನಿಂತಿದ್ದರು, ತಲೆಯಿಂದ ಉಪ್ಪುನೀರು ತೊಟ್ಟಿಕ್ಕುತ್ತಿತ್ತು.

ಈಗ "ಸೋತಿ!" ಅಂತ ಇಡೀ ಹೋಟೆಲಿಗೆ ಕೇಳುವ ಹಾಗೆ ಕೂಗುತ್ತಾರೆ ಅಂದುಕೊಂಡೆ. ಆಟೋ ಸ್ಟ್ಯಾಂಡಿನಲ್ಲಿ ಹಾಗೆ ಕೂಗಿದೆನೆಂದೇ ಹೇಳಿದ್ದಾರೆ. ಸುಳ್ಳು. ಅವರು ಕೂಗಲಿಲ್ಲ. ನಾವು ಎರಡು ಕಡೆಯಿಂದ ಮೂಲೆ ಮಡಚಿ ಸೇರಿಸುವುದನ್ನು ನೋಡುತ್ತಾ ನಿಂತರು. ಕೊನೆಯ ಮೂಲೆ ಸೇರಿದ ಮೇಲೆ ಕೇಳಿದರು.

"ಮನ್ಯಾಗ ಆ ಕಡಿ ತುದಿ ಯಾರ್ ಹಿಡೀತಾರ?"

"ಯಾರೂ ಇಲ್ಲ," ಅಂದೆ. "ಗದ್ದ ಹಿಡಿತದ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಮೊದಲೇ ಒರೆಸಿದ್ದ ಮುಖವನ್ನೇ ಮತ್ತೆ ಒರೆಸಿಕೊಂಡು ಹೋದರು.

ಹೊರಡುವಾಗ ದೇವಿಕಾ ಮೆಟ್ಟಿಲ ತನಕ ಓಡಿ ಬಂದಳು. ಸೂಪರ್ವೈಸರ್ ಎಲ್ಲ ರೂಮು ನೋಡಿ ಹೂಂ ಅಂದರಂತೆ. "ಗಾದಿಗನೂರಿಗೆ ಬಂದಾಗ ಮನಿಗೆ ಬರ್ತೀನ್ರಿ ಅಕ್ಕಾರ," ಅಂದಳು. ಬಾ, ಕೆಲಸ ಹೇಳುವುದಿಲ್ಲ, ಚಹಾ ಕುಡಿದು ಹೋಗು ಅಂದೆ.

ಬಸ್ಸು ಘಟ್ಟ ಹತ್ತುವ ತನಕ ಜಂಬುನಾಥ್ ಕಿಟಕಿಯ ಹೊರಗೇ ನೋಡುತ್ತಿದ್ದರು. ಹುಬ್ಬಳ್ಳಿ ಬರುವಷ್ಟರಲ್ಲಿ ಅವರ ಬಾಯಿಗೆ ಜೀವ ಬಂತು, ಗದಗ ದಾಟಿದ ಮೇಲೆ ಪಕ್ಕದ ಸೀಟಿನವರಿಗೆಲ್ಲ ಹ್ಯಾಂಗರಿನ ಕಥೆ ಹೇಳಿದರು. ಮನೆ ಸೇರಿದಾಗ ಸ್ಫೂರ್ತಿ ಎಲ್ಲವನ್ನೂ ಕೇಳಿ, ಅತ್ತ ಇತ್ತ ನೋಡಿ, "ಅಮ್ಮ ಸೋತ್ಲು," ಅಂದಳು. ಆ ತೀರ್ಪಿನ ಮೇಲೆ ಅಪೀಲಿಲ್ಲ. ಕರಾರಿನ ಪ್ರಕಾರ ಕೆಲಸದಾಕೆಯ ಮಾತನ್ನು ನಾನು ಎತ್ತಲಿಲ್ಲ. ಆ ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚುವಾಗ ಸ್ವಲ್ಪ ಅತ್ತೆ. ಯಾರಿಗೂ ಗೊತ್ತಿಲ್ಲ, ಈಗ ನಿಮಗೆ ಹೇಳಿದೆ.

ಮಳೆಗಾಲ ಕಳೆದು ಗೆಸ್ಟುಗಳು ಬರಲು ಶುರು ಮಾಡಿದರು. ಒಂದು ದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಎಂಟು ಬೆಡ್‌ಶೀಟು ಒಣಗಿದ್ದವು. ಒಂದನ್ನು ತಂತಿಯಿಂದ ಎಳೆದು ಗದ್ದದ ಕೆಳಗೆ ಒತ್ತಿಕೊಳ್ಳುವಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು.

"ಪಂತ ಅಂದ್ರ ಪಂತ," ಅಂದರು ಜಂಬುನಾಥ್ ಏದುಸಿರು ಬಿಡುತ್ತಾ. "ಕೆಲಸದಾಕಿನ ಇಡಂಗಿಲ್ಲ. ಕೊಡಿಲ್ಲಿ."

"ಏನು ಕೊಡ್ಲಿ?"

"ಆ ಕಡಿ ತುದಿ."

ಕೊಟ್ಟೆ. ಹಿಡಿದರು. ಹಿಡಿದದ್ದೂ ತಪ್ಪು ತುದಿ. ನಾನು ಬಲಕ್ಕೆ ಮಡಚಿದರೆ ಅವರು ಎಡಕ್ಕೆ ಮಡಚಿದರು. ಕೊನೆಗೆ ಅದು ಬೆಡ್‌ಶೀಟಿನ ಮಡಿಕೆಯಾಗಲಿಲ್ಲ, ಬಾಳೆ ಎಲೆಯಲ್ಲಿ ಕಟ್ಟಿದ ಬುತ್ತಿಯ ಹಾಗಾಯಿತು. ನನ್ನ ಬಾಯಿ ತೆರೆಯಿತು. ನಾಲ್ಕು ಜನರನ್ನು ಓಡಿಸಿದ ಬಾಯಿ. ಇವರೂ ಓಡಿದರೆ ಆರನೆಯವರು ಈ ಊರಲ್ಲಿ ನಿಜವಾಗಿಯೂ ಹುಟ್ಟಿಲ್ಲ. ಮುಚ್ಚಿಕೊಂಡೆ.

"ಹೆಂಗಾತು?" ಅಂದರು.

"ಮಸ್ತ್ ಆತು."

ಎಂಟನ್ನೂ ಹಾಗೇ ಮಡಚಿದೆವು. ಅವರು ಎಲ್ಲವನ್ನೂ ಎದೆಗೆ ಒತ್ತಿಕೊಂಡು ಇಪ್ಪತ್ತೆರಡು ಮೆಟ್ಟಿಲು ಇಳಿದರು, ನಾನು ಬರಿಗೈಯಲ್ಲಿ ಹಿಂದೆ ಇಳಿದೆ. ಅವರು ಹೋದ ಮೇಲೆ ಬಿಚ್ಚಿ ಮತ್ತೆ ಮಡಚಬಹುದಿತ್ತು. ಮಡಚಲಿಲ್ಲ. ಮರುದಿನ ಮಂಚಕ್ಕೆ ಹಾಸುವಾಗಲೂ ಆ ಕಡೆ ಅವರೇ ಹಿಡಿದರು.

ಆ ವಾರ ಎರಡನೇ ರೂಮಿಗೆ ಮೈಸೂರಿನಿಂದ ಒಬ್ಬ ಮೇಡಂ ಬಂದಿದ್ದರು. ರಿಟೈರಾದ ಟೀಚರು, ಕಣ್ಣು ಚುರುಕು. ಅರ್ಧ ಗಂಟೆಯಲ್ಲಿ ನನ್ನನ್ನು ಕರೆದರು.

"ಏನಮ್ಮಾ ಇದು? ಬೆಡ್‌ಶೀಟ್ ಈ ಕಡೆ ನೆಲಕ್ಕೆ ತಾಗ್ತಾ ಇದೆ, ಆ ಕಡೆ ಹಾಸಿಗೆನೇ ಕಾಣುತ್ತೆ!"

"ಹೊಸಬರ್ರಿ ಮೇಡಂ," ಅಂದೆ. "ಇನ್ನಾ ಕಲಿಯಾಕತ್ತಾರ."

"ಹೇಳಿಕೊಡಬೇಕಪ್ಪ. ಆದ್ರೆ ಹೇಳಿಕೊಟ್ಟು ಏನು ಪ್ರಯೋಜನ, ಈಗಿನ ಕೆಲಸದವರು ನಾಲ್ಕು ದಿನ ನಿಲ್ಲಲ್ಲ."

"ಇವ್ರು ನಿಂದರ್ತಾರ್ರಿ," ಅಂದೆ. "ನನ್ನ ಕೈಗೆ ಸಿಕ್ಕು ಇಪ್ಪತ್ತೆರಡು ವರ್ಷ ಆತು, ಎಲ್ಲೂ ಹೋಗಿಲ್ಲ."

ಹೊರಗೆ ಕಿಟಕಿಯ ಪಕ್ಕದಲ್ಲೇ ಆಟೋದ ಗಾಜು ಒರೆಸುತ್ತಿದ್ದ ಸದ್ದು ನಿಂತಿತು. ಮೇಡಂ ಅರ್ಥವಾಗದೆ ನನ್ನ ಮುಖ ನೋಡಿದರು. ಅವರಿಗೆ ಚಹಾ ತರುತ್ತೇನೆಂದು ನಾನು ಅಡುಗೆಮನೆಗೆ ಹೋದೆ, ಎರಡು ಲೋಟ ಹೆಚ್ಚಿಗೆ ನೀರಿಟ್ಟೆ.